ಒಂಟಿ ನಕ್ಷತ್ರದ ಗಣರಾಜ್ಯ: ಟೆಕ್ಸಾಸ್ ಕ್ರಾಂತಿಯ ಕೆಲವು ವ್ಯಕ್ತಿಗಳು, ಕೆಲವು ಪದಗಳು

ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಎಂದೊಡನೆ ನಮ್ಮ ಪ್ರೌಢಶಾಲೆಯ ಮಕ್ಕಳು 1776, ಜಾರ್ಜ್ ವಾಷಿಂಗ್ಟನ್, ಬೋಸ್ಟನ್ ಟೀ ಪಾರ್ಟಿ ಎಂದು ಪಟಪಟನೆ ಹೇಳಿಬಿಡುತ್ತಾರೆ. ಅದಾದ ಅರವತ್ತು ವರ್ಷಗಳ ನಂತರ ಅದೇ ಖಂಡದ ಗಡಿನಾಡಿನಲ್ಲಿ ಇನ್ನೊಂದು ಕ್ರಾಂತಿ ನಡೆಯಿತು, ಅದರಿಂದ ಹೊಸದೊಂದು ದೇಶವೇ ಹುಟ್ಟಿ ಹತ್ತು ವರ್ಷ ಬಾಳಿ ಮರೆಯಾಯಿತು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆ ದೇಶವೇ ಟೆಕ್ಸಾಸ್ ಗಣರಾಜ್ಯ. ಇಂದು ನಮ್ಮ ಎಷ್ಟೋ ಯುವಕರು ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ನಗರಗಳಿಗೆ ನೌಕರಿಗಾಗಿ ಹೋಗುತ್ತಾರೆ. ಹ್ಯೂಸ್ಟನ್ ಮತ್ತು ಆಸ್ಟಿನ್ ಎಂಬವು ಊರಿನ ಹೆಸರಾಗುವ ಮೊದಲು ಈ ಕ್ರಾಂತಿಯ ಇಬ್ಬರು ನಾಯಕರ ಹೆಸರಾಗಿದ್ದವು.

ಈ ಕ್ರಾಂತಿಯ ಬಗ್ಗೆ ಸಿನಿಮಾಗಳು ಬಂದಿವೆ, ವೀರಗಾಥೆಗಳು ಬಂದಿವೆ. ಯುದ್ಧಗಳ ವರ್ಣನೆಗೆ ಹೆಚ್ಚು ಜಾಗ ಕೊಡದೆ, ಅದರ ಮುಖ್ಯ ವ್ಯಕ್ತಿಗಳನ್ನೂ ಆ ಕಾಲದ ಕೆಲವು ಪದಗಳನ್ನೂ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಭಾಷೆ ಕಲಿಸುವವರ ಕಣ್ಣು ಮೊದಲು ಪದಗಳ ಮೇಲೆಯೇ ಬೀಳುತ್ತದೆ, ಏನು ಮಾಡುವುದು! ಜೊತೆಗೆ ಒಂದು ಪ್ರಶ್ನೆಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ಕೋರುತ್ತೇನೆ. ಒಂದು ನಾಡಿನ ಬಿಡುಗಡೆಗಾಗಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದವರೆಲ್ಲರೂ, ಬಿಡುಗಡೆ ಬಂದ ಮೇಲೆ ಆ ನಾಡಿನವರು ಎನಿಸಿಕೊಂಡರೇ?

ಅಲ್ಕಾಲ್ದೆ ಎಂಬ ನಮ್ಮ ಖಾಜಿ

'ಟೆಕ್ಸಾಸ್' ಎಂಬುದು ಇಂಗ್ಲಿಷ್ ಪದವಲ್ಲ, ಸ್ಪ್ಯಾನಿಷ್ ಪದವೂ ಅಲ್ಲ. ಅಲ್ಲಿನ ಮೂಲನಿವಾಸಿಗಳಾದ ಕ್ಯಾಡೊ ಜನರ ಮಾತಿನಲ್ಲಿ ಸ್ನೇಹಿತ, ಮಿತ್ರ ಎಂಬ ಅರ್ಥದ ಪದವನ್ನು ಸ್ಪೇನಿನವರು 'ತೇಹಾಸ್' ಎಂದು ಬರೆದುಕೊಂಡರು. ಅದೇ ಮುಂದೆ ಟೆಕ್ಸಾಸ್ ಆಯಿತು. ಈ ನಾಡಿನಲ್ಲಿ ನೆಲೆಸಿದ್ದ ಸ್ಪ್ಯಾನಿಷ್ ಮಾತನಾಡುವ ಜನರಿಗೆ 'ತೆಹಾನೊ' ಎಂದು ಹೆಸರು. ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಬಂದು ನೆಲೆಸಿದ ಇಂಗ್ಲಿಷ್ ಭಾಷಿಕರನ್ನು ಆಗ 'ಟೆಕ್ಸಿಯನ್' ಎನ್ನುತ್ತಿದ್ದರು. ಈ ಎರಡು ಪದಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು.

ತೆಹಾನೊ ಜನರ ಪಟ್ಟಣಗಳಲ್ಲಿ ಮುಖ್ಯವಾದುದು ಸ್ಯಾನ್ ಆಂಟೋನಿಯೊ. ಅಲ್ಲಿನ ಪುರಸಭೆಯ ಮುಖ್ಯಸ್ಥನನ್ನು 'ಅಲ್ಕಾಲ್ದೆ' ಎಂದು ಕರೆಯುತ್ತಿದ್ದರು. ಆತ ಊರಿನ ಆಡಳಿತ ನೋಡುವುದರ ಜೊತೆಗೆ ವ್ಯಾಜ್ಯಗಳನ್ನೂ ತೀರ್ಮಾನಿಸುತ್ತಿದ್ದ. ಈ ಪದವನ್ನು ಸ್ವಲ್ಪ ನಿಧಾನವಾಗಿ ಉಚ್ಚರಿಸಿ ನೋಡಿ. ಅದು ಅರಬ್ಬೀ ಭಾಷೆಯ 'ಅಲ್-ಖಾದಿ', ಅಂದರೆ ನಾವು ಉರ್ದುವಿನಲ್ಲಿ ಹೇಳುವ ಖಾಜಿ! ಕ್ರಿ.ಶ. 711ರಿಂದ 1492ರವರೆಗೆ ಸ್ಪೇನಿನಲ್ಲಿ, ಅಂದರೆ ಅಂದಲೂಸಿನಲ್ಲಿ, ಮುಸ್ಲಿಮರ ಆಳ್ವಿಕೆ ಒಂದಲ್ಲ ಒಂದು ಭಾಗದಲ್ಲಿ ಇದ್ದುದರ ಗುರುತು ಇದು. ಆಳ್ವಿಕೆ ಮುಗಿದರೂ ಪದಗಳು ಉಳಿದವು. ಸ್ಪೇನಿನವರು ಹಡಗು ಹತ್ತಿ ಅಮೆರಿಕ ಖಂಡಕ್ಕೆ ಹೋದಾಗ ಆ ಪದಗಳೂ ಅವರ ಜೊತೆ ಹೋದವು. ಪೊಲೀಸ್ ಅಧಿಕಾರಿಗೆ 'ಅಲ್ಗ್ವಾಸಿಲ್' ಎನ್ನುತ್ತಿದ್ದರು, ಅದು 'ಅಲ್-ವಜೀರ್'. ಹತ್ತಿಗೆ 'ಅಲ್ಗೊದೋನ್', ಅದು 'ಅಲ್-ಖುತ್ನ್'. ಇಂಗ್ಲಿಷಿನ ಕಾಟನ್ ಕೂಡ ಅದೇ ಮೂಲದ್ದು.

ಸ್ಯಾನ್ ಆಂಟೋನಿಯೊ ಸುತ್ತ ಹೊಲಗಳಿಗೆ ನೀರು ಹಾಯಿಸಲು ಸ್ಪೇನಿನ ಪಾದ್ರಿಗಳು ಹದಿನೆಂಟನೇ ಶತಮಾನದಲ್ಲಿ ಕಾಲುವೆಗಳನ್ನು ತೋಡಿಸಿದರು. ಅವುಗಳ ಹೆಸರು 'ಅಸೇಕಿಯಾ', ಅರಬ್ಬಿಯ 'ಅಸ್-ಸಾಖಿಯಾ'. ಉರ್ದು ಶಾಯರಿಯಲ್ಲಿ ಬರುವ 'ಸಾಖಿ'ಯ ಬೇರೂ ಅದೇ, ನೀರುಣಿಸುವುದು. ಎಸ್ಪಾದಾ ಎಂಬಲ್ಲಿನ ಕಾಲುವೆಯೂ ಅದರ ಕಲ್ಲಿನ ಮೇಲ್ಗಾಲುವೆಯೂ ಇಂದಿಗೂ ನೀರು ಹರಿಸುತ್ತಿವೆ. 2015ರಲ್ಲಿ ಸ್ಯಾನ್ ಆಂಟೋನಿಯೊದ ಈ ಹಳೆಯ ಕ್ರೈಸ್ತ ಆಶ್ರಮಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಕಂದಾಯ ಕಚೇರಿಗಳಲ್ಲಿ ಅರ್ಜಿ, ತಾಲೂಕು, ಖಾತೆ, ವಸೂಲಿ, ಜಮೀನು ಎಂಬ ಪದಗಳು ಕನ್ನಡವೇ ಆಗಿಹೋಗಿರುವಂತೆ, ಅಲ್ಲಿಯೂ ಖಾಜಿ ಸಾಹೇಬರು ಯಾರಿಗೂ ಗುರುತು ಸಿಗದಂತೆ ಊರಿನ ಮೇಯರ್ ಆಗಿ ಕುಳಿತಿದ್ದರು!

ಎಂಪ್ರೆಸಾರಿಯೊ ಮತ್ತು ಲೀಗು ಜಮೀನು

1821ರಲ್ಲಿ ಮೆಕ್ಸಿಕೊ ಸ್ಪೇನಿನಿಂದ ಸ್ವತಂತ್ರವಾಯಿತು. ಟೆಕ್ಸಾಸ್ ಆ ದೇಶದ ಉತ್ತರದ ಗಡಿನಾಡು. ಜನ ಕಡಿಮೆ, ನೆಲ ಅಪಾರ. ಕೊಮಾಂಚಿ ಮೂಲನಿವಾಸಿಗಳ ದಾಳಿಯ ಭಯ ಬೇರೆ. ಜನರನ್ನು ತಂದು ನೆಲೆಗೊಳಿಸಿದರೆ ಗಡಿ ಭದ್ರವಾಗುತ್ತದೆ ಎಂದು ಮೆಕ್ಸಿಕೊ ಸರ್ಕಾರ ಭಾವಿಸಿತು. ಹೀಗೆ ವಲಸೆಗಾರ ಕುಟುಂಬಗಳನ್ನು ಕರೆತಂದು ನೆಲೆಗೊಳಿಸುವ ಗುತ್ತಿಗೆ ಹಿಡಿದವನೇ 'ಎಂಪ್ರೆಸಾರಿಯೊ'. ಪ್ರತಿ 100 ಕುಟುಂಬಗಳಿಗೆ ಅವನಿಗೂ ಪ್ರತ್ಯೇಕ ಜಮೀನು ಸಿಗುತ್ತಿತ್ತು.

ಇವರಲ್ಲಿ ಮೊದಲಿಗ ಸ್ಟೀಫನ್ ಆಸ್ಟಿನ್. ಅನುಮತಿ ಪಡೆದಿದ್ದವನು ಅವನ ತಂದೆ ಮೋಸೆಸ್ ಆಸ್ಟಿನ್. ಅದೇ ವರ್ಷ 1821ರಲ್ಲಿ ತಂದೆ ತೀರಿಕೊಂಡಿದ್ದರಿಂದ ಮಗ ಆ ಹೊಣೆ ಹೊತ್ತ. ಅವನು ಕರೆತಂದ ಮೊದಲ ಸುಮಾರು 300 ಕುಟುಂಬಗಳನ್ನು ಟೆಕ್ಸಾಸ್ ಚರಿತ್ರೆಯಲ್ಲಿ 'ಹಳೆಯ ಮುನ್ನೂರು' ಎಂದೇ ಕರೆಯುತ್ತಾರೆ. ಆಸ್ಟಿನ್ ಸ್ಪ್ಯಾನಿಷ್ ಕಲಿತ, ಮೆಕ್ಸಿಕೊ ಪೌರನಾದ, ಬಹುಕಾಲ ಆ ಸರ್ಕಾರಕ್ಕೆ ನಿಷ್ಠನಾಗಿಯೇ ಇದ್ದ.

ಜನ ಯಾಕೆ ಬಂದರು ಎಂಬುದಕ್ಕೆ ಲೆಕ್ಕವೇ ಉತ್ತರ. 1820ರ ಕಾಯ್ದೆಯಂತೆ ಅಮೆರಿಕದಲ್ಲಿ ಸರ್ಕಾರಿ ಜಮೀನು ಎಕರೆಗೆ ಒಂದೂಕಾಲು ಡಾಲರ್. ಕನಿಷ್ಠ 80 ಎಕರೆ ಕೊಳ್ಳಬೇಕು, ಅಂದರೆ 100 ಡಾಲರ್ ರೊಕ್ಕವನ್ನು ಒಮ್ಮೆಲೇ ಎಣಿಸಬೇಕು. 1819ರ ಆರ್ಥಿಕ ಕುಸಿತದಲ್ಲಿ ದಿವಾಳಿಯಾದವರಿಗೆ ಅದು ಎಲ್ಲಿಂದ ಬರಬೇಕು? ಟೆಕ್ಸಾಸಿನಲ್ಲಿ ದನ ಸಾಕುವ ಕುಟುಂಬಕ್ಕೆ ಒಂದು 'ಲೀಗು', ಅಂದರೆ 4,428 ಎಕರೆ. ಬೇಸಾಯ ಮಾಡುವವರಿಗೆ ಒಂದು 'ಲಾಬೋರ್', ಅಂದರೆ 177 ಎಕರೆ. ಎರಡೂ ಮಾಡುವೆನೆಂದರೆ ಎರಡೂ ಸಿಗುತ್ತಿತ್ತು, ಅದೂ ನಾಮಮಾತ್ರ ಶುಲ್ಕಕ್ಕೆ. ನಮ್ಮಲ್ಲಿ ಎರಡು ಎಕರೆಗೆ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ನೋಡಿದವರಿಗೆ ಈ ಅಂಕಿ ನಂಬಲಾಗದು. ಷರತ್ತು ಎರಡೇ: ಮೆಕ್ಸಿಕೊ ಪೌರರಾಗಬೇಕು, ಕ್ಯಾಥೊಲಿಕ್ ಮತ ಒಪ್ಪಬೇಕು. ಬಂದವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಅವರು ಕಾಗದದಲ್ಲಿ ಒಪ್ಪಿದರು, ಮನೆಯಲ್ಲಿ ತಮ್ಮ ರೀತಿಯಲ್ಲೇ ಪ್ರಾರ್ಥಿಸಿದರು. ಸ್ಥಳೀಯ ಅಧಿಕಾರಿಗಳು ಕಂಡೂ ಕಾಣದಂತಿದ್ದರು.

ತೊಂಬತ್ತೊಂಬತ್ತು ವರ್ಷದ ಕರಾರು

ಕ್ರಾಂತಿಗೆ ಕಾರಣವೇನೆಂದು ಕೇಳಿದರೆ ಹಳೆಯ ಪುಸ್ತಕಗಳು 'ಸ್ವಾತಂತ್ರ್ಯದ ಹಂಬಲ' ಎನ್ನುತ್ತವೆ. ಹಂಬಲ ಇದ್ದುದು ನಿಜ, ಆದರೆ ಹತ್ತಿಯನ್ನು ಮರೆತರೆ ಕಥೆ ಪೂರ್ಣವಾಗದು. ವಲಸೆ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಅಮೆರಿಕನ್ ರಾಜ್ಯಗಳಾದ ಟೆನೆಸಿ, ಅಲಬಾಮ, ಲೂಯಿಸಿಯಾನಗಳಿಂದ ಬಂದವರು. ಅವರು ಹತ್ತಿ ಬೆಳೆಯುತ್ತಿದ್ದುದು ಆಫ್ರಿಕನ್ ಗುಲಾಮರ ದುಡಿಮೆಯಿಂದ. ಮೆಕ್ಸಿಕೊ ಗುಲಾಮಗಿರಿಗೆ ವಿರುದ್ಧವಾಗಿತ್ತು. ಟೆಕ್ಸಾಸ್ ಸೇರಿದ್ದ ಕೊವಾವೀಲಾ-ತೇಹಾಸ್ ರಾಜ್ಯದ 1827ರ ಸಂವಿಧಾನ, ಆರು ತಿಂಗಳ ನಂತರ ಹೊಸದಾಗಿ ಗುಲಾಮರನ್ನು ತರಬಾರದೆಂದು ನಿಯಮಿಸಿತು.

ಆಗ ವಲಸೆಗಾರರು ಒಂದು ಉಪಾಯ ಹುಡುಕಿದರು. ಗಡಿ ದಾಟುವ ಮೊದಲೇ ಗುಲಾಮನಿಂದ ಒಂದು ಕರಾರು ಪತ್ರ ಬರೆಸಿಕೊಳ್ಳುವುದು. 'ನಾನು ಸ್ವತಂತ್ರ ಕೂಲಿಗಾರ, ನನ್ನ ಸಾಲ ತೀರುವವರೆಗೆ ಧಣಿಯ ಬಳಿ ದುಡಿಯುತ್ತೇನೆ' ಎಂಬುದು ಅದರ ಸಾರಾಂಶ. ಅವಧಿ ಕೆಲವೊಮ್ಮೆ 99 ವರ್ಷ! ಓದಲು ಬಾರದವನ ಹೆಬ್ಬೆಟ್ಟು ಪಡೆದು ಗುಲಾಮಗಿರಿಗೆ ಕೂಲಿ ಎಂಬ ಹೆಸರಿಟ್ಟರು. ನಮ್ಮ ನಾಡಿನ ಜೀತ ಪದ್ಧತಿಯ ಕಾಗದಗಳನ್ನು ನೆನಪಿಸಿಕೊಂಡರೆ ಇದು ಅರ್ಥವಾಗಲು ಕಷ್ಟವಿಲ್ಲ.

1829ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ಅಧ್ಯಕ್ಷ ವಿಸೆಂತೆ ಗೆರೇರೊ ದೇಶದಾದ್ಯಂತ ಗುಲಾಮಗಿರಿಯನ್ನು ರದ್ದುಪಡಿಸಿದ. ಆಫ್ರಿಕನ್ ರಕ್ತ ಹೊಂದಿದ್ದ ಈತ ಸಾಮಾನ್ಯ ಕುಟುಂಬದಿಂದ ಬಂದು ರಾಷ್ಟ್ರಾಧ್ಯಕ್ಷನಾದವನು. ವಲಸೆಗಾರರು ಗದ್ದಲವೆಬ್ಬಿಸಿದರು. ಅದೇ ಡಿಸೆಂಬರ್‌ನಲ್ಲಿ ಟೆಕ್ಸಾಸಿಗೆ ವಿನಾಯಿತಿ ದೊರೆಯಿತು. ಅದಕ್ಕೆ ಮೊದಲು 1828ರಲ್ಲಿ ಗಡಿ ಪರಿಶೀಲನೆಗೆ ಬಂದಿದ್ದ ಜನರಲ್ ಮಿಯೆರ್ ಇ ತೆರಾನ್, ಟೆಕ್ಸಾಸ್ ಕೈತಪ್ಪಿ ಹೋಗುತ್ತಿದೆ ಎಂದು ಎಚ್ಚರಿಸಿದ್ದ. 1830ರ ಏಪ್ರಿಲ್ 6ರ ಕಾಯ್ದೆಯು ಅಮೆರಿಕದಿಂದ ಬರುವ ವಲಸೆಯನ್ನೇ ನಿಷೇಧಿಸಿತು. ಆದರೆ ಬೇಲಿಯಿಲ್ಲದ ಗಡಿ. ಜನ ಬರುತ್ತಲೇ ಇದ್ದರು. ಹೊತ್ತು ಮೀರಿತ್ತು.

ತಂದೆಯ ಸಹಿ, ಮಗನ ಕೆಲಸ

1824ರ ಮೆಕ್ಸಿಕೊ ಸಂವಿಧಾನ ರಾಜ್ಯಗಳಿಗೆ ಹೆಚ್ಚಿನ ಅಧಿಕಾರ ಕೊಟ್ಟ ಒಕ್ಕೂಟದ ಸಂವಿಧಾನ. 1833ರಲ್ಲಿ ಅಧ್ಯಕ್ಷನಾದ ಜನರಲ್ ಸಾಂತಾ ಆನಾ ಅದನ್ನು ಬದಿಗೊತ್ತಿ ಎಲ್ಲ ಅಧಿಕಾರವನ್ನೂ ರಾಜಧಾನಿಗೆ ಎಳೆದುಕೊಂಡ. ವಿರೋಧಿಸಿದ ಸಕತೇಕಾಸ್ ರಾಜ್ಯವನ್ನು 1835ರ ಮೇ ತಿಂಗಳಲ್ಲಿ ಸೈನ್ಯದಿಂದ ತುಳಿದುಹಾಕಿದ. ಟೆಕ್ಸಾಸಿನ ಬೇಡಿಕೆಗಳನ್ನು ಹೊತ್ತು ರಾಜಧಾನಿಗೆ ಹೋಗಿದ್ದ ಸ್ಟೀಫನ್ ಆಸ್ಟಿನ್ 1834ರ ಜನವರಿಯಲ್ಲಿ ಬಂಧಿತನಾಗಿ ಸೆರೆಮನೆ ಕಂಡ. ಮರಳಿ ಬಂದಾಗ ಅವನಿಗೆ ಮೆಕ್ಸಿಕೊ ಮೇಲಿನ ಭರವಸೆ ಉಳಿದಿರಲಿಲ್ಲ.

ಇಲ್ಲಿ ಒಂದು ವಿಷಯ ಮುಖ್ಯ. ಸಾಂತಾ ಆನಾನ ಸರ್ವಾಧಿಕಾರವನ್ನು ವಿರೋಧಿಸಿದವರಲ್ಲಿ ಸ್ಪ್ಯಾನಿಷ್ ಭಾಷಿಕರೂ ಇದ್ದರು. ಲೊರೆಂಜೊ ದೆ ಜವಾಲಾ ಎಂಬ ವಿದ್ವಾಂಸ 1824ರ ಸಂವಿಧಾನಕ್ಕೆ ಸಹಿ ಹಾಕಿದವರಲ್ಲಿ ಒಬ್ಬ, ಫ್ರಾನ್ಸಿಗೆ ಮೆಕ್ಸಿಕೊದ ರಾಯಭಾರಿಯಾಗಿದ್ದವನು. ಆತ ರಾಜೀನಾಮೆ ಕೊಟ್ಟು ಟೆಕ್ಸಾಸಿಗೆ ಬಂದು ಗಣರಾಜ್ಯದ ಹಂಗಾಮಿ ಉಪಾಧ್ಯಕ್ಷನಾದ. ಸ್ಯಾನ್ ಆಂಟೋನಿಯೊದ ಹೊಸೆ ಫ್ರಾನ್ಸಿಸ್ಕೊ ರುಯಿಸ್ ಮತ್ತು ಅವನ ಸೋದರಳಿಯ ಹೊಸೆ ಆಂಟೋನಿಯೊ ನವಾರೊ ಕೂಡ ಕ್ರಾಂತಿಗೆ ಸೇರಿದರು. ಶಿಕ್ಷಕರಾದ ನಮಗೆ ರುಯಿಸ್ ವಿಷಯದಲ್ಲಿ ಒಂದು ಹೆಮ್ಮೆ. 1803ರಲ್ಲಿ ಆತ ಸ್ಯಾನ್ ಆಂಟೋನಿಯೊದ ಶಾಲಾ ಮೇಷ್ಟ್ರಾಗಿ ನೇಮಕಗೊಂಡಿದ್ದ!

1835ರ ಅಕ್ಟೋಬರ್ 2ರಂದು ಗೊನ್ಸಾಲೆಸ್ ಎಂಬ ಊರಿನಲ್ಲಿ ಒಂದು ಸಣ್ಣ ಫಿರಂಗಿಯನ್ನು ಹಿಂದಿರುಗಿಸುವ ಬಗ್ಗೆ ಜಗಳವಾಗಿ ಮೊದಲ ಗುಂಡು ಹಾರಿತು. ಡಿಸೆಂಬರ್ ವೇಳೆಗೆ ಕ್ರಾಂತಿಕಾರರು ಸ್ಯಾನ್ ಆಂಟೋನಿಯೊವನ್ನು ಹಿಡಿದರು. ಅಲ್ಲಿನ ಪಾಳುಬಿದ್ದ ಕ್ರೈಸ್ತ ಆಶ್ರಮವೇ 'ಅಲಾಮೊ'. 1836ರ ಫೆಬ್ರವರಿ 23ರಂದು ಸಾಂತಾ ಆನಾ ದೊಡ್ಡ ಸೈನ್ಯದೊಂದಿಗೆ ಬಂದು ಅದನ್ನು ಮುತ್ತಿದ. ಒಳಗಿದ್ದವರು ಸುಮಾರು 200 ಜನ. ವಿಲಿಯಂ ಟ್ರಾವಿಸ್, ಜೇಮ್ಸ್ ಬೋವಿ, ಡೇವಿಡ್ ಕ್ರಾಕೆಟ್ ಅವರಲ್ಲಿ ಪ್ರಸಿದ್ಧರು. 13 ದಿನಗಳ ಮುತ್ತಿಗೆಯ ನಂತರ ಮಾರ್ಚ್ 6ರ ಬೆಳಗಿನ ಜಾವ ಕೋಟೆ ಬಿತ್ತು. ಹೋರಾಡಿದವರೆಲ್ಲರೂ ಹತರಾದರೆಂದೇ ಹೇಳಬೇಕು.

ಮಾರ್ಚ್ 2ರಂದು ವಾಷಿಂಗ್ಟನ್-ಆನ್-ದಿ-ಬ್ರಾಜೋಸ್ ಎಂಬ ಹಳ್ಳಿಯಲ್ಲಿ ಸೇರಿದ ಪ್ರತಿನಿಧಿಗಳು ಟೆಕ್ಸಾಸನ್ನು ಸ್ವತಂತ್ರ ಗಣರಾಜ್ಯವೆಂದು ಘೋಷಿಸಿದ್ದರು. ಅಲಾಮೊದಲ್ಲಿ ಸತ್ತವರಿಗೆ ಆ ಸುದ್ದಿಯೇ ಮುಟ್ಟಿರಲಿಲ್ಲ. ಆ ಘೋಷಣಾ ಪತ್ರಕ್ಕೆ ಜವಾಲಾ, ನವಾರೊ, ರುಯಿಸ್ ಮೂವರೂ ಸಹಿ ಹಾಕಿದರು. ಸಹಿ ಹಾಕಿದವರಲ್ಲಿ ಟೆಕ್ಸಾಸ್ ಮಣ್ಣಿನಲ್ಲೇ ಹುಟ್ಟಿದವರು ಇಬ್ಬರೇ, ರುಯಿಸ್ ಮತ್ತು ನವಾರೊ. ಉಳಿದವರೆಲ್ಲ ಹೊರಗಿನಿಂದ ಬಂದವರು! ಇತ್ತ ಸ್ಯಾನ್ ಆಂಟೋನಿಯೊದಲ್ಲಿ ಅದೇ ರುಯಿಸ್‌ನ ಮಗ ಫ್ರಾನ್ಸಿಸ್ಕೊ ಆಂಟೋನಿಯೊ ರುಯಿಸ್ ಊರಿನ ಅಲ್ಕಾಲ್ದೆ ಆಗಿದ್ದ. ಕೋಟೆ ಬಿದ್ದ ಮೇಲೆ ಸಾಂತಾ ಆನಾ ಆತನನ್ನು ಕರೆಸಿ, ಟ್ರಾವಿಸ್, ಬೋವಿ, ಕ್ರಾಕೆಟ್‌ರ ಶವಗಳನ್ನು ಗುರುತಿಸುವಂತೆಯೂ ಕ್ರಾಂತಿಕಾರರ ಶವಗಳನ್ನು ಸುಡಿಸುವಂತೆಯೂ ಆಜ್ಞಾಪಿಸಿದ. ತಂದೆ ಸ್ವಾತಂತ್ರ್ಯ ಪತ್ರಕ್ಕೆ ಸಹಿ ಹಾಕಿ ಕೆಲವೇ ದಿನವಾಗಿತ್ತು.

ಸುಡದೆ ಉಳಿದ ಶವ ಒಂದೇ ಎನ್ನುತ್ತಾರೆ. ಅದು ಗ್ರೆಗೋರಿಯೊ ಎಸ್ಪಾರ್ಸಾ ಎಂಬ ತೆಹಾನೊ ಯೋಧನದು. ಅವನ ಸಹೋದರ ಮೆಕ್ಸಿಕೊ ಪಕ್ಷದಲ್ಲಿದ್ದವನು, ಅನುಮತಿ ಬೇಡಿ ಅವನನ್ನು ಮಣ್ಣು ಮಾಡಿದ. ಒಂದೇ ಮನೆಯ ಇಬ್ಬರು ಎರಡು ಕಡೆ. ಗಡಿನಾಡಿನ ಯುದ್ಧಗಳ ಪಾಡೇ ಇದು.

ಟ್ರಾವಿಸ್‌ನ ಗುಲಾಮ ಜೋ ಎಂಬ ಯುವಕ ಬದುಕುಳಿದ. ಕೋಟೆಯೊಳಗೆ ನಡೆದುದನ್ನು ಗಣರಾಜ್ಯದ ಮಂತ್ರಿಗಳ ಮುಂದೆ ವಿವರವಾಗಿ ಹೇಳಿದವನು ಅವನೇ. ಹೇಳಿಕೆ ಕೊಟ್ಟ ಮೇಲೆ ಅವನನ್ನು ಟ್ರಾವಿಸ್‌ನ ಆಸ್ತಿಯ ಲೆಕ್ಕದಲ್ಲಿ ಸೇರಿಸಲಾಯಿತು. 1837ರ ಏಪ್ರಿಲ್ 21ರಂದು, ಕ್ರಾಂತಿಯ ವಿಜಯದ ಮೊದಲ ವಾರ್ಷಿಕೋತ್ಸವದ ದಿನವೇ, ಜೋ ಓಡಿಹೋದ. ಹಿಡಿದುಕೊಟ್ಟವರಿಗೆ ಬಹುಮಾನವೆಂದು ಪತ್ರಿಕೆಯಲ್ಲಿ ಜಾಹೀರಾತು ಬಂತು.

ಟೊಪ್ಪಿಗೆಯ ರಟ್ಟಿನ ತುಂಡು

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಮಾರ್ಚ್ 27ರಂದು ಗೋಲಿಯಾಡ್‌ನಲ್ಲಿ ಶರಣಾಗಿದ್ದ ಸುಮಾರು 340 ಸೈನಿಕರನ್ನು ಸಾಂತಾ ಆನಾನ ಆಜ್ಞೆಯಂತೆ ಗುಂಡಿಟ್ಟು ಕೊಲ್ಲಲಾಯಿತು. (ಗೋಲಿಯಾಡ್ ಎಂಬ ಹೆಸರು ಮೆಕ್ಸಿಕೊದ ಸ್ವಾತಂತ್ರ್ಯ ವೀರ 'ಹಿಡಾಲ್ಗೊ'ನ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಕಟ್ಟಿದ್ದು. ಸ್ಪ್ಯಾನಿಷ್‌ನಲ್ಲಿ ಉಚ್ಚಾರವಿಲ್ಲದ ಮೊದಲ ಅಕ್ಷರವನ್ನು ಬಿಟ್ಟಿದ್ದಾರೆ. ಪದಬಂಧ ಬಿಡಿಸುವ ವಿದ್ಯಾರ್ಥಿಗಳಿಗೆ ಇದು ಇಷ್ಟವಾಗಬಹುದು.) ಸೇನಾನಿ ಸ್ಯಾಮ್ ಹ್ಯೂಸ್ಟನ್ ಹಿಂದೆ ಸರಿಯುತ್ತಾ ಸರಿಯುತ್ತಾ, ಏಪ್ರಿಲ್ 21ರ ಮಧ್ಯಾಹ್ನ ಸ್ಯಾನ್ ಜಸಿಂಟೊ ಎಂಬಲ್ಲಿ ವಿಶ್ರಾಂತಿಯಲ್ಲಿದ್ದ ಮೆಕ್ಸಿಕೊ ಸೈನ್ಯದ ಮೇಲೆರಗಿದ. ಯುದ್ಧ ಮುಗಿದದ್ದು ಸುಮಾರು 18 ನಿಮಿಷದಲ್ಲಿ, ಕೊಲ್ಲುವುದು ನಿಂತದ್ದು ಅದಕ್ಕಿಂತ ಬಹಳ ತಡವಾಗಿ. ಮೆಕ್ಸಿಕೊ ಕಡೆ ಸುಮಾರು 630 ಜನ ಸತ್ತರು, ಟೆಕ್ಸಾಸ್ ಕಡೆ 9 ಜನ. ಮರುದಿನ ಸಾಂತಾ ಆನಾ ಸೆರೆಸಿಕ್ಕ.

ಈ ಯುದ್ಧದಲ್ಲಿ ಹುವಾನ್ ಸೆಗೀನ್ ಎಂಬ ತೆಹಾನೊ ನಾಯಕನ ತುಕಡಿಯೂ ಇತ್ತು. ಸೆಗೀನ್ ಹುಟ್ಟಿದ್ದು 1806ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ. ಅಲ್ಲಿನ ಅಲ್ಕಾಲ್ದೆ ಆಗಿದ್ದವನು. ಅಲಾಮೊದ ಒಳಗೂ ಇದ್ದ. ಸ್ಪ್ಯಾನಿಷ್ ಬಲ್ಲವನು ಶತ್ರುಗಳ ನಡುವೆ ನುಸುಳಬಲ್ಲನೆಂದು ಸಹಾಯ ಕೋರುವ ಪತ್ರದೊಂದಿಗೆ ಅವನನ್ನು ಹೊರಗೆ ಕಳುಹಿಸಿದ್ದರು. ಹಾಗೆ ಜೀವ ಉಳಿಯಿತು. ಸ್ಯಾನ್ ಜಸಿಂಟೊದಲ್ಲಿ ಹ್ಯೂಸ್ಟನ್ ಮೊದಲು ಈ ತೆಹಾನೊಗಳಿಗೆ ಸಾಮಾನು ಕಾಯುವ ಕೆಲಸ ಕೊಡಲು ಹೊರಟ. ಮುಖಚಹರೆ ನೋಡಿ ನಮ್ಮವರೇ ಶತ್ರುಗಳೆಂದು ಗುಂಡು ಹಾರಿಸಿಯಾರು ಎಂಬುದು ಅವನ ಚಿಂತೆ. ತೆಹಾನೊಗಳು ಒಪ್ಪಲಿಲ್ಲ, ಸಾಮಾನು ಕಾಯಲು ಬಂದವರು ನಾವಲ್ಲ ಎಂದರು. ಕೊನೆಗೆ ಗುರುತಿಗಾಗಿ ತಮ್ಮ ಟೊಪ್ಪಿಗೆಗಳಿಗೆ ರಟ್ಟಿನ ತುಂಡು ಸಿಕ್ಕಿಸಿಕೊಂಡು ರಣರಂಗಕ್ಕಿಳಿದರು. ತನ್ನ ನಾಡಿಗಾಗಿ ಸಾಯಲು ಹೊರಟವನೂ ತಾನು ಯಾರ ಕಡೆಯವನೆಂದು ಟೊಪ್ಪಿಗೆಯಲ್ಲಿ ಸಾಬೀತುಪಡಿಸಬೇಕಾಯಿತು. ಈ ಒಂದು ಚಿತ್ರವನ್ನು ಓದಿದಂದಿನಿಂದ ಮರೆಯಲಾಗಿಲ್ಲ.

ಸಂವಿಧಾನ ಯಾರನ್ನು ಪೌರರೆಂದಿತು?

1836ರ ಮಾರ್ಚ್‌ನಲ್ಲಿ ಬರೆದ ಗಣರಾಜ್ಯದ ಸಂವಿಧಾನ ಅಮೆರಿಕದ ಮಾದರಿಯದು. ಅಧ್ಯಕ್ಷ, ಎರಡು ಸದನ, ನ್ಯಾಯಾಲಯ, ಹಕ್ಕುಗಳ ಘೋಷಣೆ ಎಲ್ಲವೂ ಇತ್ತು. ಅಲ್ಕಾಲ್ದೆಯ ಸ್ಥಾನಕ್ಕೆ ಕೌಂಟಿ ನ್ಯಾಯಾಧೀಶರು ಬಂದರು. ಪದ ಮಾತ್ರ ಸಾಯಲಿಲ್ಲ. ಇಂದಿಗೂ ಟೆಕ್ಸಾಸ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಪತ್ರಿಕೆಯ ಹೆಸರು 'ಅಲ್ಕಾಲ್ದೆ'.

ಅದರ ಸಾಮಾನ್ಯ ನಿಯಮಗಳಲ್ಲಿ 9 ಮತ್ತು 10ನೆಯವನ್ನು ಗಮನಿಸಬೇಕು. ಒಂಬತ್ತನೆಯದರಂತೆ ಗುಲಾಮರು ಗುಲಾಮರಾಗಿಯೇ ಉಳಿಯಬೇಕು, ಸಂಸತ್ತಿಗೂ ಅವರನ್ನು ಬಿಡುಗಡೆ ಮಾಡುವ ಅಧಿಕಾರವಿಲ್ಲ. ಸ್ವತಂತ್ರನಾದ ಕರಿಯನಾದರೂ ಸಂಸತ್ತಿನ ಒಪ್ಪಿಗೆಯಿಲ್ಲದೆ ದೇಶದಲ್ಲಿ ಶಾಶ್ವತವಾಗಿ ನೆಲೆಸುವಂತಿಲ್ಲ. ಹತ್ತನೆಯದು ಪೌರತ್ವದ ನಿಯಮ. ಸ್ವಾತಂತ್ರ್ಯ ಘೋಷಣೆಯ ದಿನ ಟೆಕ್ಸಾಸಿನಲ್ಲಿ ವಾಸವಿದ್ದವರೆಲ್ಲರೂ ಪೌರರು, ಆಫ್ರಿಕನ್ ಮೂಲದವರು ಮತ್ತು ಇಂಡಿಯನ್ನರನ್ನು ಹೊರತುಪಡಿಸಿ. ಹೋರಾಟದಿಂದ ತಪ್ಪಿಸಿಕೊಳ್ಳಲು ದೇಶ ಬಿಟ್ಟವರು ಅಥವಾ ಶತ್ರುವಿಗೆ ನೆರವಾದವರು ಪೌರತ್ವವನ್ನೂ ಜಮೀನಿನ ಹಕ್ಕನ್ನೂ ಕಳೆದುಕೊಳ್ಳುತ್ತಾರೆ. ಈ ಕಡೆಯ ಮಾತು ಮೇಲುನೋಟಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಯಾರು ನೆರವಾದರು, ಯಾರು ಭಯದಿಂದ ಸುಮ್ಮನಿದ್ದರು ಎಂದು ತೀರ್ಮಾನಿಸುವವರು ಯಾರು? ತೆಹಾನೊಗಳ ಜಮೀನಿನ ಮೇಲೆ ಕಣ್ಣಿಟ್ಟವರಿಗೆ ಇದು ಒಳ್ಳೆಯ ಅಸ್ತ್ರವಾಯಿತು.

ಸ್ಯಾಮ್ಯುಯೆಲ್ ಮೆಕ್ಕಲಕ್ ಎಂಬ ಸ್ವತಂತ್ರ ಕರಿಯ 1835ರ ಅಕ್ಟೋಬರ್‌ನಲ್ಲಿ ಗೋಲಿಯಾಡ್ ಹಿಡಿಯುವಾಗ ಭುಜಕ್ಕೆ ಗುಂಡೇಟು ತಿಂದಿದ್ದ. ಕ್ರಾಂತಿಯಲ್ಲಿ ಮೊದಲು ರಕ್ತ ಸುರಿಸಿದವರಲ್ಲಿ ಅವನೂ ಒಬ್ಬ. ಅಂಥವನೂ ತನ್ನದೇ ದೇಶದಲ್ಲಿ ವಾಸಿಸಲು ಅನುಮತಿ ಕೊಡಿ ಎಂದು ಸಂಸತ್ತಿಗೆ ಅರ್ಜಿ ಹಾಕಬೇಕಾಯಿತು. ವಿಕ್ಟೋರಿಯಾ ಪಟ್ಟಣವನ್ನು ಸ್ಥಾಪಿಸಿದವನು ಮಾರ್ತೀನ್ ದೆ ಲಿಯೋನ್ ಎಂಬ ಮೆಕ್ಸಿಕನ್ ಎಂಪ್ರೆಸಾರಿಯೊ. ಅವನ ಮನೆತನ ಕ್ರಾಂತಿಗೆ ಬೆಂಬಲವಾಗಿ ನಿಂತಿತ್ತು. ಗೆದ್ದ ಕೆಲವೇ ತಿಂಗಳಲ್ಲಿ ಆ ಮನೆತನವನ್ನೇ ಸಂಶಯದ ಮೇಲೆ ಊರಿನಿಂದ ಹೊರಹಾಕಿ ಹಡಗಿನಲ್ಲಿ ನ್ಯೂ ಓರ್ಲಿಯನ್ಸ್‌ಗೆ ಕಳುಹಿಸಲಾಯಿತು.

1836ರಲ್ಲಿ ಟೆಕ್ಸಾಸಿನಲ್ಲಿದ್ದ ಗುಲಾಮರು ಸುಮಾರು 5,000. 1850ರ ಜನಗಣತಿಯಲ್ಲಿ 58,161. 1860ರಲ್ಲಿ 1,82,566.

ಹ್ಯೂಸ್ಟನ್ ಮತ್ತು ಲಮಾರ್

1836ರ ಅಕ್ಟೋಬರ್‌ನಲ್ಲಿ ಸ್ಯಾಮ್ ಹ್ಯೂಸ್ಟನ್ ಚುನಾಯಿತ ಅಧ್ಯಕ್ಷನಾದ. ಆಸ್ಟಿನ್ ಅವನ ವಿದೇಶಾಂಗ ವ್ಯವಹಾರದ ಮಂತ್ರಿಯಾಗಿ ಎರಡೇ ತಿಂಗಳಲ್ಲಿ, ಡಿಸೆಂಬರ್ 27ರಂದು, ತೀರಿಕೊಂಡ. 1837ರ ಮಾರ್ಚ್ 3ರಂದು ಅಮೆರಿಕ, 1839ರಲ್ಲಿ ಫ್ರಾನ್ಸ್ ಈ ದೇಶಕ್ಕೆ ಮನ್ನಣೆ ಕೊಟ್ಟವು. ಮೆಕ್ಸಿಕೊ ಕೊಡಲೇ ಇಲ್ಲ. ಧ್ವಜದಲ್ಲಿ ಒಂದೇ ನಕ್ಷತ್ರವಿದ್ದುದರಿಂದ 'ಒಂಟಿ ನಕ್ಷತ್ರ' ಎಂಬ ಹೆಸರು ನಿಂತಿತು.

ಹ್ಯೂಸ್ಟನ್ ಹರೆಯದಲ್ಲಿ ಚೆರೋಕಿ ಮೂಲನಿವಾಸಿಗಳ ನಡುವೆ ಬಾಳಿದವನು. ಕ್ರಾಂತಿಯ ವೇಳೆ ಚೆರೋಕಿಗಳಿಗೆ ಜಮೀನಿನ ಭರವಸೆ ಕೊಟ್ಟು ಒಪ್ಪಂದ ಮಾಡಿಕೊಂಡಿದ್ದ. ಅವರು ತಟಸ್ಥರಾಗಿ ಉಳಿದರು. ಗೆದ್ದ ಮೇಲೆ 1837ರಲ್ಲಿ ಸೆನೆಟ್ ಆ ಒಪ್ಪಂದವನ್ನು ತಿರಸ್ಕರಿಸಿತು. 1838ರ ಡಿಸೆಂಬರ್‌ನಲ್ಲಿ ಅಧ್ಯಕ್ಷನಾದ ಮಿರಬೋ ಲಮಾರ್ ಇನ್ನೂ ಮುಂದೆ ಹೋದ. 1839ರ ಜುಲೈನಲ್ಲಿ ಸೈನ್ಯ ಕಳುಹಿಸಿ ಚೆರೋಕಿಗಳನ್ನು ಓಡಿಸಿದ. ಎಂಬತ್ತು ದಾಟಿದ ಅವರ ಮುಖಂಡ ದುವಾಲಿ ರಣರಂಗದಲ್ಲಿ ಸತ್ತ. ಹ್ಯೂಸ್ಟನ್ ಉಡುಗೊರೆ ಕೊಟ್ಟ ಖಡ್ಗ ಆಗಲೂ ಅವನ ಬಳಿಯಿತ್ತು ಎನ್ನುತ್ತಾರೆ.

ಇದೇ ಲಮಾರನನ್ನು ಟೆಕ್ಸಾಸಿನಲ್ಲಿ 'ಶಿಕ್ಷಣದ ಪಿತಾಮಹ' ಎಂದು ಕರೆಯುತ್ತಾರೆ. ಹೀಗೆ ಕರೆಯಲು ಆಧಾರವೂ ಇದೆ. 1839ರಲ್ಲಿ ಅವನ ಒತ್ತಾಯದಿಂದ ಸಂಸತ್ತು ಪ್ರತಿ ಕೌಂಟಿಗೆ ಶಾಲೆಗಾಗಿ 3 ಲೀಗು, ಅಂದರೆ 13,284 ಎಕರೆ, ಹಾಗೂ ಎರಡು ಕಾಲೇಜುಗಳಿಗಾಗಿ 50 ಲೀಗು ಜಮೀನನ್ನು ಮೀಸಲಿಟ್ಟಿತು. ಖಜಾನೆಯಲ್ಲಿ ಹಣವಿಲ್ಲದ ದೇಶ ನೆಲವನ್ನೇ ಶಿಕ್ಷಣಕ್ಕೆ ಕೊಟ್ಟಿತು. ವಕ್ಫ್ ಜಮೀನಿನ ಆದಾಯದಿಂದ ಮದರಸ ನಡೆಸುವ ಕಲ್ಪನೆ ನಮಗೆ ಹೊಸದಲ್ಲ. ಇದು ದಾನಿಯ ಬದಲು ಸರ್ಕಾರ ಕೊಟ್ಟದ್ದು, ಅಷ್ಟೇ ವ್ಯತ್ಯಾಸ. ಗಣರಾಜ್ಯ ಇರುವವರೆಗೆ ಆ ನೆಲದಿಂದ ಸಾರ್ವಜನಿಕ ಶಾಲೆಗಳ ವ್ಯವಸ್ಥೆ ಏಳಲಿಲ್ಲ, ಏಕೆಂದರೆ ಎಲ್ಲೆಡೆ ಜಮೀನು ಅಗ್ಗವಾಗಿತ್ತು, ಕೊಳ್ಳುವವರಿರಲಿಲ್ಲ. ಆದರೂ ಬೀಜ ಬಿತ್ತಿದಂತಾಯಿತು. ಟೆಕ್ಸಾಸ್ ವಿಶ್ವವಿದ್ಯಾಲಯ 1883ರಲ್ಲಿ ತೆರೆಯಿತು. ಒಬ್ಬನೇ ಮನುಷ್ಯ ಒಂದೇ ವರ್ಷದಲ್ಲಿ ಶಾಲೆಗಳಿಗೆ ನೆಲ ಕೊಟ್ಟ, ಚೆರೋಕಿಗಳಿಂದ ನೆಲ ಕಿತ್ತುಕೊಂಡ. ಪರೀಕ್ಷೆಯಲ್ಲಿ 'ಲಮಾರನ ಸಾಧನೆಗಳು' ಎಂದು ಪ್ರಶ್ನೆ ಬಂದರೆ ಎರಡನ್ನೂ ಬರೆಯಬೇಕೆಂಬುದು ನನ್ನ ಅಭಿಪ್ರಾಯ.

ಅವನ ಕಾಲದಲ್ಲಿ ಅಚ್ಚಾದ ನೋಟುಗಳಿಗೆ 'ಕೆಂಪುಬೆನ್ನು' ಎಂದು ಹೆಸರು. ಅವುಗಳ ಬೆಲೆ ಡಾಲರಿಗೆ ಕೆಲವೇ ಸೆಂಟುಗಳಿಗೆ ಇಳಿಯಿತು. ಸಾಲ ಬೆಳೆಯಿತು. ಹ್ಯೂಸ್ಟನ್ 1841ರಲ್ಲಿ ಮತ್ತೆ ಅಧ್ಯಕ್ಷನಾಗಿ ಖರ್ಚು ಬಿಗಿಹಿಡಿದ. ಕಡೆಯ ಅಧ್ಯಕ್ಷ ಆನ್ಸನ್ ಜೋನ್ಸ್ 1846ರ ಫೆಬ್ರವರಿ 19ರಂದು ಅಧಿಕಾರವನ್ನು ಅಮೆರಿಕದ ಒಂದು ರಾಜ್ಯವಾದ ಟೆಕ್ಸಾಸಿಗೆ ಹಸ್ತಾಂತರಿಸಿದ.

ಆ ವಿಲೀನಕ್ಕಾಗಿ 1845ರಲ್ಲಿ ಹೊಸ ಸಂವಿಧಾನ ಬರೆಯಲು ಸಭೆ ಸೇರಿದಾಗ ಅದರಲ್ಲಿದ್ದ ಒಬ್ಬನೇ ತೆಹಾನೊ, ನವಾರೊ. ಲಮಾರ್ ಕಳುಹಿಸಿದ ಸಾಂತಾ ಫೆ ದಂಡಯಾತ್ರೆಯಲ್ಲಿ 1841ರಲ್ಲಿ ಸೆರೆಸಿಕ್ಕು, ಮೂರು ವರ್ಷಕ್ಕೂ ಹೆಚ್ಚು ಕಾಲ ಮೆಕ್ಸಿಕೊ ಸೆರೆಮನೆಗಳಲ್ಲಿ ಕೊಳೆತು, ಟೆಕ್ಸಾಸನ್ನು ತ್ಯಜಿಸಿದರೆ ಬಿಡುತ್ತೇವೆ ಎಂದರೂ ಒಪ್ಪದೆ, ಕೊನೆಗೆ ತಪ್ಪಿಸಿಕೊಂಡು ಆಗತಾನೆ ಬಂದಿದ್ದ. ಮತದಾನದ ಹಕ್ಕು 'ಬಿಳಿಯ' ಪುರುಷರಿಗೆ ಎಂದು ಬರೆಯಲು ಕೆಲವರು ಹೊರಟಾಗ ಆ ಪದ ಬೇಡವೆಂದು ನವಾರೊ ವಾದಿಸಿದ. ಆ ಒಂದು ಪದ ಉಳಿದಿದ್ದರೆ ನಾಳೆ ಮತಗಟ್ಟೆಯಲ್ಲಿ ಪ್ರತಿಯೊಬ್ಬ ತೆಹಾನೊನ ಮೈಬಣ್ಣವನ್ನು ಪರೀಕ್ಷಿಸುವವರು ಹುಟ್ಟಿಕೊಳ್ಳುತ್ತಿದ್ದರು. ಪದವನ್ನು ತೆಗೆಯಲಾಯಿತು. ಆಫ್ರಿಕನ್ನರಿಗೆ ಮಾತ್ರ ಆಗಲೂ ಮತದಾನದ ಹಕ್ಕು ಸಿಗಲಿಲ್ಲ.

ಹುವಾನ್ ಸೆಗೀನ್

ಕೊನೆಗೆ ಸೆಗೀನ್‌ನ ಕಥೆಗೆ ಮರಳೋಣ. ಗೆದ್ದ ಮರುವರ್ಷ, 1837ರ ಫೆಬ್ರವರಿಯಲ್ಲಿ, ಅಲಾಮೊ ಹುತಾತ್ಮರ ಚಿತಾಭಸ್ಮವನ್ನು ಸಂಗ್ರಹಿಸಿ ಗೌರವದಿಂದ ಸಂಸ್ಕಾರ ಮಾಡಿಸಿದವನು ಅವನೇ. ಅಂದು ಅವನ ಭಾಷಣ ಸ್ಪ್ಯಾನಿಷ್‌ನಲ್ಲಿತ್ತು. 1838ರಿಂದ 1840ರವರೆಗೆ ಗಣರಾಜ್ಯದ ಸೆನೆಟ್‌ನಲ್ಲಿ ಕುಳಿತ ಒಬ್ಬನೇ ತೆಹಾನೊ ಆತ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ದುಭಾಷಿಯ ಮೂಲಕ ಸದನದಲ್ಲಿ ಭಾಗವಹಿಸುತ್ತಿದ್ದ. ಹಾಗಿದ್ದೂ ಸೈನಿಕ ವ್ಯವಹಾರಗಳ ಸಮಿತಿಯ ಅಧ್ಯಕ್ಷನಾಗಿದ್ದ. ದೇಶದ ಕಾನೂನುಗಳನ್ನು ಸ್ಪ್ಯಾನಿಷ್‌ನಲ್ಲಿಯೂ ಅಚ್ಚು ಮಾಡಬೇಕೆಂದು ಅವನು ಪಟ್ಟು ಹಿಡಿದ. ಕಾನೂನು ಪಾಲಿಸು ಎನ್ನುವ ಸರ್ಕಾರ ಆ ಕಾನೂನನ್ನು ಪ್ರಜೆಗೆ ತಿಳಿಯುವ ಮಾತಿನಲ್ಲಿ ಹೇಳಬೇಡವೇ? ಎರಡು ಭಾಷೆಗಳ ನಡುವೆ ಮಕ್ಕಳನ್ನು ದಾಟಿಸುವ ಕೆಲಸ ಮಾಡುವವರಿಗೆ ಈ ಬೇಡಿಕೆ ಎಷ್ಟು ಸಾಧಾರಣವಾದದ್ದು, ಎಷ್ಟು ದೊಡ್ಡದು ಎಂಬುದು ಗೊತ್ತು.

1839ರಲ್ಲಿ ವಾಲ್ನಟ್ ಸ್ಪ್ರಿಂಗ್ಸ್ ಎಂಬ ಊರಿಗೆ ಅವನ ಗೌರವಾರ್ಥ 'ಸೆಗೀನ್' ಎಂದು ಹೆಸರಿಟ್ಟರು. 1841ರಲ್ಲಿ ಅವನು ಸ್ಯಾನ್ ಆಂಟೋನಿಯೊದ ಮೇಯರ್ ಆದ. ಆ ಹೊತ್ತಿಗೆ ಹೊಸದಾಗಿ ಬಂದ ಸಾಹಸಿಗರು ತೆಹಾನೊಗಳ ಮನೆ, ದನ, ಜಮೀನುಗಳ ಮೇಲೆ ಬೀಳುತ್ತಿದ್ದರು. ಅವರಿಗೆ ಸ್ಯಾನ್ ಜಸಿಂಟೊ ಗೊತ್ತಿಲ್ಲ, ಟೊಪ್ಪಿಗೆಯ ರಟ್ಟು ಗೊತ್ತಿಲ್ಲ. ಅವರ ಕಣ್ಣಿಗೆ ಎಲ್ಲ ಮೆಕ್ಸಿಕನ್ನರೂ ಒಂದೇ. ಮೇಯರ್ ತನ್ನ ಜನರ ಪರ ನಿಂತ, ವೈರಿಗಳು ಹೆಚ್ಚಾದರು. 1842ರ ಮಾರ್ಚ್‌ನಲ್ಲಿ ಮೆಕ್ಸಿಕೊದ ಜನರಲ್ ವಾಸ್ಕೆಸ್ ಊರಿನ ಮೇಲೆ ದಾಳಿ ಮಾಡಿ, ಹೋಗುವಾಗ ಸೆಗೀನ್ ಈಗಲೂ ತಮ್ಮ ಕಡೆಯವನೆಂಬ ಮಾತು ಹಬ್ಬುವಂತೆ ಮಾಡಿದ. ಅಷ್ಟೇ ಸಾಕಾಯಿತು. ಶತ್ರುವಿನ ಒಂದು ಮಾತನ್ನು ನಂಬಿದವರು, ಆರು ವರ್ಷ ಜೊತೆಗಿದ್ದವನ ಮಾತನ್ನು ನಂಬಲಿಲ್ಲ. ಜೀವ ಬೆದರಿಕೆಯ ನಡುವೆ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ಹೆಂಡತಿ ಮಕ್ಕಳ ಹಿತಕ್ಕಾಗಿ ಗಡಿ ದಾಟಿದ.

ಗಡಿಯಾಚೆ ಅವನು 1836ರ ದ್ರೋಹಿ! ಅಲ್ಲಿ ಬಂಧಿಸಿದರು. ಸೆರೆಮನೆ ಬೇಕೋ ಸೈನ್ಯ ಬೇಕೋ ಎಂಬ ಆಯ್ಕೆ ಮುಂದಿಟ್ಟರು. 1842ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊ ಸೈನ್ಯ ಸ್ಯಾನ್ ಆಂಟೋನಿಯೊದ ಮೇಲೆ ಎರಗಿದಾಗ ಅದರಲ್ಲಿ ಸೆಗೀನ್ ಇದ್ದ, ತಾನು ಹುಟ್ಟಿದ, ತಾನು ಮೇಯರ್ ಆಗಿದ್ದ ಊರಿನ ವಿರುದ್ಧ. ಅವನ ಮೇಲಿದ್ದ ಸುಳ್ಳು ಆರೋಪ ಹೀಗೆ ಬಲವಂತದಿಂದ ನಿಜವಾಯಿತು. ಅವನನ್ನು ಸಮರ್ಥಿಸುವವರೂ ದೂಷಿಸುವವರೂ ಇಂದಿಗೂ ಇದ್ದಾರೆ. ನನಗೆ ಕಾಣುವುದಿಷ್ಟೇ, ಎರಡೂ ಕಡೆಯವರು ಅವನಿಗೆ ಮೂರನೆಯ ದಾರಿ ಬಿಟ್ಟಿರಲಿಲ್ಲ.

1848ರಲ್ಲಿ ಮೆಕ್ಸಿಕೊ-ಅಮೆರಿಕ ಯುದ್ಧ ಮುಗಿದ ಮೇಲೆ ಅನುಮತಿ ಬೇಡಿ ಟೆಕ್ಸಾಸಿಗೆ ಮರಳಿ ರೈತನಾಗಿ ಬಾಳಿದ. 1858ರಲ್ಲಿ ತನ್ನ ನೆನಪುಗಳನ್ನು ಅಚ್ಚು ಹಾಕಿಸಿ ತನ್ನ ಮೇಲಿನ ಆರೋಪಗಳಿಗೆ ಉತ್ತರ ಕೊಟ್ಟ. 1869ರಲ್ಲಿ ವಿಲ್ಸನ್ ಕೌಂಟಿಯ ನ್ಯಾಯಾಧೀಶನೂ ಆದ. ಮುಪ್ಪಿನಲ್ಲಿ ಮಗನೊಂದಿಗಿರಲು ಮತ್ತೆ ಗಡಿ ದಾಟಿ ಮೆಕ್ಸಿಕೊದ ನುವೊ ಲರೆಡೊಗೆ ಹೋಗಿ, 1890ರ ಆಗಸ್ಟ್ 27ರಂದು ಅಲ್ಲಿಯೇ ತೀರಿಕೊಂಡ.

1974ರಲ್ಲಿ ಅವನ ಅಸ್ಥಿಗಳನ್ನು ಟೆಕ್ಸಾಸಿಗೆ ತಂದರು. 1976ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೇ ವರ್ಷದ ದಿನ, ಅವನದೇ ಹೆಸರಿನ ಸೆಗೀನ್ ಪಟ್ಟಣದಲ್ಲಿ ಮಣ್ಣು ಮಾಡಿದರು. ಆ ಪಟ್ಟಣ ಗ್ವಾದಲೂಪೆ ನದಿಯ ದಂಡೆಯಲ್ಲಿದೆ. ಗ್ವಾದಲೂಪೆಯ ಮೊದಲ ಭಾಗವೂ ಅರಬ್ಬಿಯೇ, 'ವಾದಿ'. ನದಿ ಹರಿಯುವ ಕಣಿವೆ ಎಂದು ಅದರ ಅರ್ಥ.